ಪರೀಕ್ಷೆ ಮತ್ತೆ ಬರೆಯಬಹುದು, ಇಂಟರ್ನಲ್ ಹಾಗಲ್ಲ: ಡಿಗ್ರಿ ಮಕ್ಕಳು ಯಾವಾಗ ಏನು ಮಾಡಬೇಕು?

ಡಿಗ್ರಿ ಸೇರಿದವರಿಗೆಲ್ಲ ಸೆಮಿಸ್ಟರ್ ಪರೀಕ್ಷೆಯದೇ ಭಯ. ಆದರೆ ಅದರಲ್ಲಿ ಫೇಲಾದರೆ ಮತ್ತೆ ಕೂತು ಬರೆಯಬಹುದು. ಕೈತಪ್ಪಿದರೆ ಮತ್ತೆ ಸಿಗದ್ದು ಇಂಟರ್ನಲ್ ಅಂಕ, ಅಂದರೆ ಸೆಮಿಸ್ಟರ್ ನಡುವಿನ ಟೆಸ್ಟ್, ಅಸೈನ್‌ಮೆಂಟ್‌ಗೆ ಕಾಲೇಜಿನಲ್ಲೇ ಕೊಡುವ ಅಂಕ. ಟೆಸ್ಟ್ ತಪ್ಪಿತು, ಅಸೈನ್‌ಮೆಂಟ್ ತಡವಾಯಿತು, ಮೇಷ್ಟ್ರ ಹತ್ತಿರ ಹೋಗಿ ಕೇಳಲು ಹೆದರಿ ಸುಮ್ನೆ ಕೂತರು. ಆ ಅಂಕ ಹೋಯಿತು ಅಂತಲೇ ಲೆಕ್ಕ. ಆಮೇಲೆ ಎಷ್ಟು ಸಲ ರಿಪೀಟ್ ಬರೆದರೂ ಅದೇ ಹಳೇ ಇಂಟರ್ನಲ್ ಬೆನ್ನಿಗೆ ಬರುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಕ್ಕಳು ಇದನ್ನು ಇನ್ನೂ ಚೆನ್ನಾಗಿ ತಿಳಿದಿರಬೇಕು. ಇಲ್ಲಿ ಮಳೆಗಾಲದಲ್ಲಿ ಕಾಲೇಜು ಮುಟ್ಟುವುದೇ ಒಂದು ಕೆಲಸ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು. ಮರುತಿಂಗಳು 7ರಂದು ಕಾರವಾರದ ಕಾಳಿ ಹಳೇ ಸೇತುವೆ ಬಿತ್ತು. ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟದಲ್ಲಿ ಜೋರು ಮಳೆ ಬಂದರೆ ಬಸ್ಸನ್ನು ನಂಬುವ ಹಾಗಿಲ್ಲ. ಇಂಥ ದಿನ ಟೆಸ್ಟ್ ತಪ್ಪಿದರೆ ವಿದ್ಯಾರ್ಥಿಯ ತಪ್ಪೇನೂ ಇಲ್ಲ. ಆದರೆ ಬಾಯಿಮಾತಲ್ಲಿ ಹೇಳಿದ್ದು ದಾಖಲೆ ಆಗುವುದಿಲ್ಲ. ಕಾಗದ ಬೇಕು.

ಮೊದಲ ಕೆಲಸ: ನಿಮ್ಮ ಬ್ಯಾಚಿನ ನಿಯಮ ಹುಡುಕಿ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಶಿರಸಿ ಕಡೆಯ ಬಿಎ, ಬಿಕಾಂ, ಬಿಎಸ್ಸಿ ಕಾಲೇಜುಗಳು ಹೆಚ್ಚಾಗಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ನಿಯಮ ಇರುವುದು ಸಿಲಬಸ್‌ನ ಮೊದಲ ಕೆಲವು ಪುಟಗಳಲ್ಲಿ. ಎಲ್ಲರೂ ಆ ಪುಟ ದಾಟಿ ಸೀದಾ ಪಾಠದ ಪಟ್ಟಿಗೆ ಹೋಗುತ್ತಾರೆ. ನೀವು ಅಲ್ಲೇ ನಿಂತು ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ: ಇಂಟರ್ನಲ್ ಎಷ್ಟು ಅಂಕ, ಪಾಸಾಗಲು ಎಷ್ಟು ಬೇಕು, ಹಾಜರಾತಿ ಎಷ್ಟು, ಕೋರ್ಸ್ ಮುಗಿಸಲು ಒಟ್ಟು ಎಷ್ಟು ವರ್ಷ.

ಸೀನಿಯರ್ ಹೇಳಿದ್ದನ್ನೇ ನಂಬಿ ಕೂರಬೇಡಿ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂದಾಗ 100 ಅಂಕದ ಪೇಪರಿನಲ್ಲಿ 60 ಪರೀಕ್ಷೆಗೆ, 40 ಇಂಟರ್ನಲ್‌ಗೆ ಎಂದಾಯಿತು. 2024-25ರಲ್ಲಿ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು, ಹೊಸ ಸಿಲಬಸ್ ಬಂತು, ಇಂಟರ್ನಲ್ ಪಾಲು ಚಿಕ್ಕದಾಯಿತು. ಒಂದೇ ಮನೆಯಲ್ಲಿ ಅಕ್ಕನ ಲೆಕ್ಕ ಬೇರೆ, ತಮ್ಮನ ಲೆಕ್ಕ ಬೇರೆ.

ಇಂಟರ್ನಲ್‌ಗೆ ಎಷ್ಟು ಬೆಲೆ ಎಂದು ಎನ್‌ಇಪಿ ಲೆಕ್ಕದಲ್ಲೇ ನೋಡೋಣ. ಆ 40 ಎರಡು ಕಂತು. ಸೆಮಿಸ್ಟರಿನ ಮೊದಲ ಎಂಟು ವಾರದೊಳಗೆ 20, ಉಳಿದ ಅರ್ಧದಲ್ಲಿ 20. ಪಾಸಾಗಲು ಪರೀಕ್ಷೆಯಲ್ಲಿ ಶೇ 35, ಅಂದರೆ 60ಕ್ಕೆ 21 ಬರಬೇಕು. ಎರಡೂ ಸೇರಿ 40 ಆಗಬೇಕು. ಇಂಟರ್ನಲ್‌ನಲ್ಲಿ 32 ಇದ್ದವರು ಪರೀಕ್ಷೆಯಲ್ಲಿ 21 ತೆಗೆದರೆ ದಾಟಿದರು. ಒಂದು ಟೆಸ್ಟ್, ಒಂದು ಅಸೈನ್‌ಮೆಂಟ್ ಬಿಟ್ಟು ಇಂಟರ್ನಲ್‌ನಲ್ಲಿ 10ಕ್ಕೆ ನಿಂತವರಿಗೆ ಪರೀಕ್ಷೆಯಲ್ಲಿ 30 ಬೇಕು. ಅದೂ ಒಂದು ಸಲಕ್ಕಲ್ಲ, ಪಾಸಾಗುವ ತನಕ ಪ್ರತಿ ಸಲವೂ 30.

ಟೆಸ್ಟ್ ತಪ್ಪಿದರೆ, ಅಸೈನ್‌ಮೆಂಟ್ ತಡವಾದರೆ

ಅಸೈನ್‌ಮೆಂಟ್ ತಡವಾದರೆ ತೆಗೆದುಕೊಳ್ಳಬೇಕೋ ಬೇಡವೋ, ಮರು ಟೆಸ್ಟ್ ಕೊಡಬೇಕೋ ಬೇಡವೋ ಎನ್ನುವುದು ಬಹುಮಟ್ಟಿಗೆ ಪಾಠ ಮಾಡುವವರ ಮತ್ತು ವಿಭಾಗದ ಮುಖ್ಯಸ್ಥರ ಕೈಯಲ್ಲಿದೆ. ಅದೂ ಅಂಕ ವಿಶ್ವವಿದ್ಯಾಲಯದ ಆನ್‌ಲೈನ್ ಪೋರ್ಟಲ್‌ಗೆ (ಯುಯುಸಿಎಂಎಸ್) ಹೋಗುವವರೆಗೆ ಮಾತ್ರ. ಹಾಗಾಗಿ ಅರ್ಜಿ ಅದೇ ದಿನ, ಇಲ್ಲವೇ ಕಾಲೇಜಿಗೆ ಬಂದ ಮೊದಲ ದಿನವೇ ಕೊಡಿ. ಹದಿನೈದು ದಿನ ಬಿಟ್ಟು ಹೋದರೆ ಒಳ್ಳೆಯ ಕಾರಣವೂ ನೆಪದಂತೆ ಕೇಳಿಸುತ್ತದೆ.

ಅರ್ಜಿ ಹೀಗಿದ್ದರೆ ಸಾಕು:

"ಮಾನ್ಯರೇ, ನಾನು ಬಿಎಸ್ಸಿ ಮೂರನೇ ಸೆಮಿಸ್ಟರ್ ವಿದ್ಯಾರ್ಥಿನಿ. ಸೋಮವಾರ ನಡೆದ ರಸಾಯನಶಾಸ್ತ್ರದ ಮೊದಲ ಟೆಸ್ಟಿಗೆ ಬರಲು ಆಗಲಿಲ್ಲ. ಆ ದಿನ ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದು ಬಸ್ ಸಂಚಾರ ನಿಂತಿತ್ತು. ಪತ್ರಿಕೆಯ ವರದಿ ಲಗತ್ತಿಸಿದ್ದೇನೆ. ಮರು ಟೆಸ್ಟಿಗೆ ಅವಕಾಶ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ."

ಕೆಳಗೆ ಹೆಸರು, ರಿಜಿಸ್ಟರ್ ನಂಬರ್, ತಾರೀಖು, ಸಹಿ. ಮನೆಯ ಕಷ್ಟವನ್ನೆಲ್ಲ ಎರಡು ಪುಟ ಬರೆಯುವುದು ಬೇಡ. ಜ್ವರವಾಗಿದ್ದರೆ ವೈದ್ಯರ ಚೀಟಿ ಇಡಿ, ಅದರ ತಾರೀಖು ಟೆಸ್ಟಿನ ದಿನಕ್ಕೆ ಹೊಂದಬೇಕು. ಗುಣವಾದ ಮೇಲೆ ಹೋಗಿ ಬರೆಸಿಕೊಂಡ ಸರ್ಟಿಫಿಕೇಟಿಗಿಂತ ಆವತ್ತಿನ ಆಸ್ಪತ್ರೆ ಚೀಟಿಗೆ ಜಾಸ್ತಿ ಬೆಲೆ.

ಈಗ ಬಹಳ ಮಂದಿ ಬಿಡುವ ಕೆಲಸ. ಅರ್ಜಿ ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ "ಸ್ವೀಕರಿಸಲಾಗಿದೆ" ಎಂದು ಸಹಿ, ತಾರೀಖು, ಸಾಧ್ಯವಾದರೆ ಸೀಲು ಹಾಕಿಸಿಕೊಳ್ಳಿ. ಇದನ್ನು ಕೇಳುವುದು ಅಗೌರವ ಅಲ್ಲ. "ಸರ್, ನನ್ನ ಪ್ರತಿಗೆ ಒಂದು ಸಹಿ ಬೇಕಿತ್ತು" ಎಂದರೆ ಆಯಿತು. ಮೂರು ತಿಂಗಳು ಕಳೆದ ಮೇಲೆ "ನಿಮ್ಮ ಅರ್ಜಿ ಎಲ್ಲುಂಟು?" ಎಂದು ಕೇಳಿದಾಗ ತೋರಿಸಲು ಅದೊಂದೇ ಇರುತ್ತದೆ. ಅಸೈನ್‌ಮೆಂಟನ್ನೂ ಹಾಗೆಯೇ ಕೊಡುವ ಮೊದಲು ಪ್ರತಿ ಪುಟದ ಫೋಟೋ ತೆಗೆದಿಡಿ. ಬಿಎಸ್ಸಿಯವರು ಪ್ರಾಕ್ಟಿಕಲ್ ಜರ್ನಲಿಗೆ ವಾರವಾರವೂ ಸಹಿ ಹಾಕಿಸಬೇಕು. ಸರ್ಟಿಫೈ ಆದ ಜರ್ನಲ್ ಇಲ್ಲದೆ ಪ್ರಾಕ್ಟಿಕಲ್ ಪರೀಕ್ಷೆಗೆ ಹೋಗಿ ನಿಂತರೆ ಕಷ್ಟ.

ಅಂಕದ ಪಟ್ಟಿ ಹಾಕಿದ ದಿನ

ಸೆಮಿಸ್ಟರ್ ಕೊನೆಗೆ ಇಂಟರ್ನಲ್ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕುತ್ತಾರೆ, ಇಲ್ಲವೇ ತರಗತಿಯಲ್ಲಿ ತೋರಿಸಿ ಸಹಿ ತೆಗೆದುಕೊಳ್ಳುತ್ತಾರೆ. ನೋಡದೆ ಸಹಿ ಹಾಕಬೇಡಿ. ಎರಡು ಟೆಸ್ಟ್, ಅಸೈನ್‌ಮೆಂಟ್, ಸೆಮಿನಾರ್ ಅಂಕ ಕೂಡಿಸಿ ನೋಡಿ. ತಪ್ಪಿದ್ದರೆ ಅಲ್ಲೇ ಹೇಳಿ. ಯುಯುಸಿಎಂಎಸ್ ಪೋರ್ಟಲ್‌ಗೆ ಅಂಕ ಹೋದ ಮೇಲೆ ತಿದ್ದಿಸಲು ಪ್ರಾಂಶುಪಾಲರ ಪತ್ರ, ಧಾರವಾಡದ ಪರೀಕ್ಷಾ ವಿಭಾಗ ಎಂದು ದೊಡ್ಡ ಸುತ್ತು. ನನಗೆ ಕೇಳಿದರೆ ಇಡೀ ಸೆಮಿಸ್ಟರಿನಲ್ಲಿ ಮಕ್ಕಳು ತಪ್ಪಿಸಬಾರದ ಒಂದು ದಿನ ಇದ್ದರೆ ಅದು ಈ ದಿನ.

ಹಾಜರಾತಿ ಪ್ರತಿ ಪೇಪರಿಗೂ ಶೇ 75. ಅರುವತ್ತು ತರಗತಿ ನಡೆದರೆ 45. ಎನ್ನೆಸ್ಸೆಸ್, ಎನ್‌ಸಿಸಿ, ಕ್ರೀಡೆಗೆ ಕಾಲೇಜು ಕಡೆಯಿಂದ ಹೋದ ದಿನಗಳ ಪತ್ರವನ್ನು ಪ್ರತಿ ವಿಭಾಗಕ್ಕೂ ಕೊಡಿ. ಒಂದು ವಿಭಾಗಕ್ಕೆ ಕೊಟ್ಟರೆ ಉಳಿದವರಿಗೆ ಗೊತ್ತಾಗುವುದಿಲ್ಲ.

ಮಾಜಾಳಿ, ಭಟ್ಕಳದ ಇಂಜಿನಿಯರಿಂಗ್ ಮಕ್ಕಳಿಗೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ನಿಯಮ. ಅಲ್ಲಿ ಇಂಟರ್ನಲ್‌ನಲ್ಲಿ ಕನಿಷ್ಠ ಅಂಕ ಬಾರದಿದ್ದರೆ ಆ ವಿಷಯದ ಪರೀಕ್ಷೆಗೇ ಕೂರಿಸುವುದಿಲ್ಲ. ಹಾಜರಾತಿಯೂ ಶೇ 85. ಹಾಗಾಗಿ ಮೇಲೆ ಹೇಳಿದ್ದೆಲ್ಲ ಅವರಿಗೆ ಇನ್ನೂ ಬಿಗಿ.

ಬ್ಯಾಕ್ (ಪಾಸಾಗದ ಪೇಪರ್) ಉಳಿದರೆ

ಫಲಿತಾಂಶ ಬಂದ ದಿನ ಅತ್ತು ಮುಗಿಸಿ, ಮರುದಿನ ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಹೋಗಿ. ಉತ್ತರ ಪತ್ರಿಕೆಯ ಜೆರಾಕ್ಸ್ ಮತ್ತು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲು ಸಿಗುವ ದಿನ ಕಡಿಮೆ. ಮೊದಲು ಜೆರಾಕ್ಸ್ ತರಿಸಿ, ಆ ವಿಷಯದ ಮೇಷ್ಟ್ರಿಗೆ ತೋರಿಸಿ. ಅವರು "ಇಲ್ಲಿ ಅಂಕ ಬರಬೇಕಿತ್ತು" ಎಂದರೆ ಮಾತ್ರ ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟಿ. ಅದರ ಫಲಿತಾಂಶಕ್ಕೆ ಕಾಯುತ್ತ ರಿಪೀಟ್ ಪರೀಕ್ಷೆಯ ಫೀಸ್ ಕಟ್ಟದೆ ಬಿಡಬೇಡಿ. ಎರಡೂ ದಾರಿ ತೆರೆದಿಟ್ಟುಕೊಳ್ಳಿ.

ಬ್ಯಾಕ್ ಇದ್ದರೂ ಸಾಮಾನ್ಯವಾಗಿ ಮುಂದಿನ ಸೆಮಿಸ್ಟರಿಗೆ ಹೋಗಬಹುದು. ಆದರೆ ಹಳೇ ಪೇಪರ್ ತಾನಾಗಿ ಹಾಲ್ ಟಿಕೆಟ್‌ನಲ್ಲಿ ಬರುವುದಿಲ್ಲ. ಈ ಸೆಮಿಸ್ಟರಿನ ಪರೀಕ್ಷಾ ಅರ್ಜಿಯ ಜೊತೆಗೆ ಬ್ಯಾಕ್ ಪೇಪರಿಗೂ ಅರ್ಜಿ, ಫೀಸ್ ಬೇರೆಯಾಗಿ ತುಂಬಬೇಕು. ದಂಡ ಇಲ್ಲದೆ ಕಟ್ಟುವ ಕೊನೇ ದಿನ ಒಂದು, ದಂಡ ಸಹಿತ ಕಟ್ಟುವ ಕೊನೇ ದಿನ ಇನ್ನೊಂದು. ಹಾಲ್ ಟಿಕೆಟ್ ಕೈಗೆ ಬಂದ ಕೂಡಲೇ ಬ್ಯಾಕ್ ಪೇಪರಿನ ಹೆಸರು ಇದೆಯೇ ನೋಡಿ. ಪರೀಕ್ಷೆಯ ಬೆಳಿಗ್ಗೆ ಗೊತ್ತಾದರೆ ಯಾರೂ ಏನೂ ಮಾಡಲಾರರು.

ಸಿಲಬಸ್ ಬದಲಾದರೆ ಹಳೇ ಸಿಲಬಸ್ಸಿನ ಪರೀಕ್ಷೆ ಕೆಲವು ಸಲ ಮಾತ್ರ ನಡೆಯುತ್ತದೆ. ಒಟ್ಟು ಕೋರ್ಸ್ ಮುಗಿಸಲು ಸಾಮಾನ್ಯವಾಗಿ ಅವಧಿಯ ಎರಡರಷ್ಟು ವರ್ಷ, ಅಂದರೆ ಮೂರು ವರ್ಷದ ಪದವಿಗೆ ಆರು ವರ್ಷ. ಕೆಲಸಕ್ಕೆಂದು ಗೋವಾಕ್ಕೋ ಬೆಂಗಳೂರಿಗೋ ಹೋದವರು ಒಂದು ಪೇಪರ್ ಬಾಕಿ ಇಟ್ಟುಕೊಂಡು ಈ ಗಡುವು ದಾಟಿಸುವುದು ಹೆಚ್ಚು. ಊರು ಬಿಡುವ ಮೊದಲು ಕಾಲೇಜು ಕಚೇರಿಯಲ್ಲಿ ನಿಮ್ಮ ಬ್ಯಾಚಿನ ಕೊನೇ ಅವಕಾಶ ಯಾವ ವರ್ಷ ಎಂದು ಕೇಳಿ ಬರೆದುಕೊಳ್ಳಿ. ಪರೀಕ್ಷೆಯ ನೋಟಿಸ್ ಬಂದಾಗ ತಿಳಿಸಲು ಊರಲ್ಲೇ ಓದುತ್ತಿರುವ ಒಬ್ಬ ಜೂನಿಯರ್‌ಗೆ ಹೇಳಿಡಿ. ರಿಪೀಟ್ ಪಾಸಾದ ಮೇಲೆ ಹೊಸ ಮಾರ್ಕ್ಸ್ ಕಾರ್ಡ್ ತೆಗೆದುಕೊಂಡು, ಹಳೆಯದರ ಜೊತೆಗೇ ಜೋಡಿಸಿಡಿ.