ರೊಟ್ಟಿ ಒಲೆಯ ಮೇಲೆ, ಕಾಳು ಬಿಸಿಲಿನಲ್ಲಿ

ಲಿಂಗಸುಗೂರು ತಾಲ್ಲೂಕಿನ ಹಳ್ಳಿಗಳಲ್ಲಿ ಬಿಸಿಲಿನ ಕಾವಿಗೆ ಬೇಯಿಸುವ ಪೆಟ್ಟಿಗೆಯಂಥ ಸೋಲಾರ್ ಕುಕ್ಕರ್ ತೋರಿಸಿದಾಗಲೆಲ್ಲ ಹೆಣ್ಣುಮಕ್ಕಳು ಮೊದಲು ಕೇಳುವುದು ಒಂದೇ: "ಇದ್ರಾಗ ರೊಟ್ಟಿ ಆಗ್ತಾವೇನ್ರಿ ಸರ್?" ಆಗುವುದಿಲ್ಲ. ಪೆಟ್ಟಿಗೆ ಕುಕ್ಕರಿನಲ್ಲಿ ಅಡುಗೆ 100 ಡಿಗ್ರಿಯ ಆಸುಪಾಸಿನಲ್ಲಿ ಬೇಯುತ್ತದೆ. ಹಂಚಿನ ಕಾವು ಅಲ್ಲಿಲ್ಲ. "ರೊಟ್ಟಿ ಒಲಿ ಮ್ಯಾಲೇ ಇರ್ಲಿ ಯವ್ವಾ, ಇದು ಕಾಳಿಗೆ" ಅನ್ನುತ್ತೇನೆ. ಆಮೇಲೆಯೇ ಮಾತು ಮುಂದುವರಿಯುತ್ತದೆ.

ರಾಯಚೂರು ಸೀಮೆಯ ಬಡ ಮನೆಯಲ್ಲಿ ರೊಟ್ಟಿಗಿಂತ ಅದರ ಜೊತೆಗಿನ ಕಾಳಿಗೇ ಕೊರತೆ. ಪ್ರೋಟೀನಿನ ಒಂದು ಮುಖ್ಯ ಘಟಕವಾದ ಲೈಸಿನ್ ಜೋಳದಲ್ಲಿ ಕಡಿಮೆ, ಕಾಳಿನಲ್ಲಿ ಧಾರಾಳ. ಎರಡೂ ಕೂಡಿದರೆ ಪ್ರೋಟೀನು ಮೈಗೆ ಹತ್ತುತ್ತದೆ. ಆದರೆ ಇಡೀ ಕಾಳು ಬೇಯಬೇಕಾದರೆ ಅಷ್ಟೂ ಹೊತ್ತು ಜಾಲಿ ಕಟ್ಟಿಗೆ ಉರಿಯಬೇಕು, ಒಲೆಯ ಮುಂದೆ ಒಬ್ಬರು ಇರಬೇಕು. ಹತ್ತಿ ಬಿಡಿಸಲು ಹೋಗುವವಳಿಗೆ ಅದೆಲ್ಲಿ ಸಾಧ್ಯ? ಹಿಡಿ ಬೇಳೆಗೆ ನೀರು ಹೆಚ್ಚಿಸಿ ಸಾರು ಮಾಡುತ್ತಾಳೆ. ಎರಡು ವರ್ಷದ ಕೂಸಿನ ತಟ್ಟೆಗೆ ಆ ಸಾರಿನ ತಿಳಿ ಬೀಳುತ್ತದೆ. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಹೊಗೆ, ಕಟ್ಟಿಗೆಯ ಉಳಿತಾಯ ಎಲ್ಲ ನಿಜವೇ. ನನಗೆ ಮಾತ್ರ ಆ ತಟ್ಟೆಯೇ ಮುಖ್ಯ.

ಪೆಟ್ಟಿಗೆಯನ್ನು ಊರ ಬಡಿಗೇರ ಕೈಯಲ್ಲೇ ಮಾಡಿಸುತ್ತೇವೆ. ಹೊರಗೆ ಪ್ಲೈವುಡ್, ಒಳಗೆ ಕಪ್ಪು ಬಳಿದ ತಗಡು, ನಡುವೆ ಸಿಂಧನೂರಿನ ರೈಸ್ ಮಿಲ್ಲಿನಿಂದ ತಂದ ಭತ್ತದ ಹೊಟ್ಟು, ಮೇಲೆ ಎರಡು ಪದರ ಗಾಜು, ಮುಚ್ಚಳಕ್ಕೆ ಕನ್ನಡಿ. ಹೊಟ್ಟು ಚೆನ್ನಾಗಿ ಒಣಗಿರಲೇಬೇಕು, ಪಸೆ ಇದ್ದರೆ ಕಾವು ನಿಲ್ಲುವುದಿಲ್ಲ. ಪುಕ್ಕಟೆ ಹಂಚುವುದಿಲ್ಲ, ಮಹಿಳಾ ಸಂಘದ ಮೂಲಕ ಕಂತಿನಲ್ಲಿ ಕೊಡುತ್ತೇವೆ. ಸ್ವಂತ ದುಡ್ಡು ಹಾಕಿದವರು ಕನ್ನಡಿಯ ಮೇಲೆ ಧೂಳು ಕೂರಲು ಬಿಡುವುದಿಲ್ಲ.

ರಾತ್ರಿ ನೆನೆಹಾಕಿದ ಕಾಳನ್ನು ಕಪ್ಪು ಪಾತ್ರೆಗೆ ಹಾಕಿ, ಮೇಲೆ ಒಂದು ಬೆರಳು ನೀರು. ನೀರು ಆವಿಯಾಗಿ ಹೋಗುವುದು ಕಡಿಮೆ, ಅದಕ್ಕೇ ಅಷ್ಟು ಸಾಕು. ಬೆಂದದ್ದು ನೀರುನೀರಾಗದೆ ಮಂದವಾಗಿಯೇ ಇರುತ್ತದೆ. ಹೊಲಕ್ಕೆ ಹೊರಡುವ ಮೊದಲು ಮಾಳಿಗೆಯ ಮೇಲಿಟ್ಟು, ಚಳಿಗಾಲವಾದರೆ ಮುಖ ದಕ್ಷಿಣಕ್ಕೆ ತಿರುಗಿಸಿದರೆ ಆಯಿತು. ತಳ ಹಿಡಿಯುವುದಿಲ್ಲ, ಕೈಯಾಡಿಸಬೇಕಿಲ್ಲ. ಒಳ್ಳೆಯ ಬಿಸಿಲಿನಲ್ಲಿ ಹೆಸರುಕಾಳಿಗೆ ಎರಡು ತಾಸು ಸಾಕು, ಕಡಲೆಗೆ ಮೂರು ತಾಸಿನ ಮೇಲೆ ಬೇಕು. ಬೋರ್‌ವೆಲ್ಲಿನ ಗಡಸು ನೀರಾದರೆ ಇನ್ನೂ ತಡ. ನಡುನಡುವೆ ಗಾಜು ತೆರೆದು ನೋಡಬಾರದು. ಸಂಜೆ ಬಂದೊಡನೆ ಊಟ. ರಾತ್ರಿಯಿಡೀ ಅದರಲ್ಲೇ ಬಿಡುವಂತಿಲ್ಲ.

ಕೂಸಿಗೆ ಕಾಳನ್ನು ಮಿದ್ದು, ಚಮಚ ಶೇಂಗಾ ಎಣ್ಣೆ ಬೆರೆಸಿ ತಿನ್ನಿಸಲು ಹೇಳುತ್ತೇನೆ. ದೊಡ್ಡವರ ಉಸುಳಿಗೆ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಬೇಕು, ಅದರ ಸಿ ವಿಟಮಿನ್ನಿನಿಂದ ಕಾಳಿನ ಕಬ್ಬಿಣಾಂಶ ರಕ್ತಕ್ಕೆ ಸೇರುವುದು ಸುಲಭ. ಉಂಡ ಕೂಡಲೇ ಚಹಾ ಕುಡಿದರೆ ಆ ಲಾಭ ಕೈತಪ್ಪುತ್ತದೆ. ಬಸುರಿಯರಿರುವ ಮನೆಯಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ಮಳೆಗಾಲದ ಮೋಡಕ್ಕೆ ಪೆಟ್ಟಿಗೆ ನಡೆಯದು. ಆಗ ನೆನೆದ ಕಾಳನ್ನು ಒಲೆಯ ಮೇಲೆ ಚೆನ್ನಾಗಿ ಕುದಿಸಿ, ಪಾತ್ರೆಯನ್ನು ಹಳೆ ಕೌದಿಯಲ್ಲಿ ಸುತ್ತಿ ಹುಲ್ಲು ತುಂಬಿದ ಬುಟ್ಟಿಯಲ್ಲಿ ಮುಚ್ಚಿಡುತ್ತೇವೆ. ಉಳಿದದ್ದು ಅದೇ ಕಾವಿನಲ್ಲಿ ಬೇಯುತ್ತದೆ.

ಹೊಸದಾಗಿ ಶುರು ಮಾಡುವವರು ಮೊದಲ ದಿನ ಹೆಸರುಕಾಳನ್ನೇ ಇಡಿ. ಕಡಲೆ ಇಟ್ಟು ಅದು ಗಟ್ಟಿ ಉಳಿದರೆ, ಆ ಮನೆಯವರು ಪೆಟ್ಟಿಗೆಯನ್ನು ಮತ್ತೆ ಬಿಸಿಲಿಗೆ ತರುವುದೇ ಕಷ್ಟ.