ಒಗ್ಗರಣೆಗೆಲ್ಲ ಕೂಗುತ್ತಿದ್ದ ಗ್ಯಾಸ್ ಅಲಾರಂ

ಅಮ್ಮ ಒಗ್ಗರಣೆ ಹಾಕಿದಾಗಲೆಲ್ಲ ಅಡುಗೆಮನೆಯ ಅನಿಲ ಸೋರಿಕೆಯ ಅಲಾರಂ ಕೂಗುತ್ತಿತ್ತು. ಬೇಸತ್ತು ಒಂದು ದಿನ ಅದರ ಸ್ವಿಚ್ಚನ್ನೇ ಆರಿಸಿಬಿಟ್ಟರು. ನನಗೆ ನಿಜವಾಗಿ ಭಯವಾದದ್ದು ಆಗ.

ಎಲ್‌ಪಿಜಿಯಂಥ ಅನಿಲವನ್ನು ಗುರುತಿಸುವ ಎಂಕ್ಯೂ-6 ಸಂವೇದಕ ತಂದು ಆ ಅಲಾರಂ ಜೋಡಿಸಿದವನು ನಾನೇ. ಅದರೊಳಗಿನ ಟಿನ್ ಡೈಆಕ್ಸೈಡ್ ಪದರವನ್ನು ಪುಟ್ಟ ಹೀಟರ್ ಸದಾ ಕಾಯಿಸುತ್ತಿರುತ್ತದೆ; ಉರಿಯುವ ಅನಿಲ ತಾಗಿದರೆ ಪದರದ ವಿದ್ಯುತ್ ರೋಧ ಇಳಿಯುತ್ತದೆ, ಅಲಾರಂ ಕೂಗುತ್ತದೆ. ಆದರೆ ಎಣ್ಣೆಯ ಹೊಗೆ, ಸ್ಯಾನಿಟೈಸರಿನ ಆಲ್ಕೋಹಾಲ್ ಆವಿಯೂ ಅದನ್ನು ಕೆಣಕಬಲ್ಲವು.

ನಾನು ಅದನ್ನು ಒಲೆಯ ಮೇಲಿನ ಗೋಡೆಗೆ, ತೀರಾ ಎತ್ತರದಲ್ಲಿ ಹೊಡೆದಿದ್ದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕಿಳಿದು ಹರಡುತ್ತದೆ. ಅಂದರೆ ಹೊಗೆಗೆ ಕೂಗುವ ಅಲಾರಂ ನಿಜವಾದ ಸೋರಿಕೆಗೆ ತಡವಾಗಿ ಎಚ್ಚರಗೊಳ್ಳುತ್ತಿತ್ತು! ಜೊತೆಗೆ, ಹೊಸ ಸಂವೇದಕದ ಅಳತೆ ಸ್ಥಿರವಾಗುವಂತೆ ಒಂದು ದಿನವೂ ಅದನ್ನು ಹೀಟರಿನಿಂದ ಕಾಯಿಸದೆ ಎಚ್ಚರಿಕೆಯ ಮಿತಿ ಹೊಂದಿಸಿದ್ದೆ.

ಈಗ ಅದು ಸಿಲಿಂಡರಿನ ಬಳಿ, ನೆಲದಿಂದ ಸುಮಾರು 30 ಸೆಂ.ಮೀ. ಮೇಲೆ, ಒಲೆಯಿಂದ ದೂರದಲ್ಲಿದೆ. ಎರಡು ದಿನ ಕಾಯಿಸಿಯೇ ಮಿತಿ ಹೊಂದಿಸಿದೆ. ಗೋಡೆಗೆ ಹಾಕುವ ಮೊದಲು ಅಂಗಳಕ್ಕೊಯ್ದು, ಲೈಟರಿನ ಬ್ಯುಟೇನನ್ನು ಕಿಡಿ ಹೊತ್ತಿಸದೆ ಹತ್ತಿರ ಬಿಟ್ಟು ನೋಡಿದೆ, ಕ್ಷಣಗಳಲ್ಲೇ ಕೂಗಿತು. ಪರೀಕ್ಷೆಗೆಂದು ಒಳಗೆ ಒಲೆಯ ಅನಿಲವನ್ನು ದಯವಿಟ್ಟು ಬಿಡಬೇಡಿ. ಸಾಸಿವೆ ಸಿಡಿದರೂ ಅಲಾರಂ ಈಗ ಸುಮ್ಮನಿರುತ್ತದೆ, ಅಮ್ಮ ಸ್ವಿಚ್ ಮುಟ್ಟುವುದಿಲ್ಲ.