‘ಚಾರ್ಜ್’ ಪದವನ್ನು ಕನ್ನಡಕ್ಕೆ ತರುವ ಬಗೆ

ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗೆ ಇಂಗ್ಲಿಷಿನ ‘ಚಾರ್ಜ್’ ಹೊಸ ಪದವೇನಲ್ಲ. ಆದರೆ ದಿನಬಳಕೆಯ ಮಾತಿನಲ್ಲಿ ಸಲೀಸಾಗಿ ಓಡಾಡುವ ಈ ಪದ, ಪಿಎಸ್‌ಐ ನೇಮಕಾತಿಯ ಮೊದಲ ಪತ್ರಿಕೆಯಲ್ಲಿ ಬರುವ ಅನುವಾದದಂಥ ಪ್ರಶ್ನೆಗಳಲ್ಲಿ ಕೈಕೊಡುತ್ತದೆ. ಅಲ್ಲಿ ಸಂದರ್ಭಕ್ಕೊಂದು ಕನ್ನಡ ಪದವನ್ನು ಹುಡುಕಿಕೊಳ್ಳಬೇಕಾಗುತ್ತದೆ.

ಅರ್ಥಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಮೂಲವನ್ನು ಹಿಡಿಯುವುದು ಲೇಸು. ಬಂಡಿ ಎಂಬರ್ಥದ ಲ್ಯಾಟಿನ್ ಪದದಿಂದ ‘ಬಂಡಿಗೆ ಹೇರು’ ಎಂಬ ಕ್ರಿಯಾಪದ ಹುಟ್ಟಿ, ಅದು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ‘ಚಾರ್ಜ್’ ಆಯಿತು. ಆದ್ದರಿಂದ ಪದ ಕಣ್ಣಿಗೆ ಬಿದ್ದೊಡನೆ, ಯಾರ ಮೇಲೆ ಏನನ್ನು ಹೇರಲಾಗಿದೆ ಎಂದು ಮೊದಲು ಕೇಳಿಕೊಳ್ಳಬೇಕು.

ಜಮೀನಿನ ಮೇಲೆ ಸಾಲವನ್ನು ಹೇರಿದ್ದರೆ ನಿಘಂಟು ತೆರೆಯುವ ಅಗತ್ಯವೇ ಇಲ್ಲ. ನಮ್ಮ ಕಡೆಯ ರೈತರು ಸೊಸೈಟಿಯಲ್ಲಿ ಬೆಳೆಸಾಲ ಪಡೆದಾಗ ಪಹಣಿಯ 11ನೇ ಕಾಲಂನಲ್ಲಿ ದಾಖಲಾಗುವುದನ್ನು ಅವರು ‘ಬೋಜಾ’, ಅಂದರೆ ಹೊರೆ, ಎನ್ನುತ್ತಾರೆ. ಸಾಲ ತೀರಿದ ಮೇಲೆ ಬೋಜಾ ಕಡಿಮೆ ಮಾಡಿಸಲು, ಊರಿನ ಕಂದಾಯ ದಾಖಲೆ ನೋಡಿಕೊಳ್ಳುವ ತಲಾಠಿಯ ಬಳಿ ಅಲೆಯುವ ಆ ರೈತರು ‘ಚಾರ್ಜ್’ ಪದದ ಮೂಲಾರ್ಥವನ್ನು ನಮಗಿಂತ ಚೆನ್ನಾಗಿ ಬಲ್ಲರು.

ಹೆಚ್ಚು ಜನ ಎಡವುವುದು ನ್ಯಾಯಾಲಯದ ಭಾಷೆಯಲ್ಲಿ. ತನಿಖೆ ಮುಗಿಸಿದ ಪೊಲೀಸರು ಸಲ್ಲಿಸುವ ಚಾರ್ಜ್‌ಶೀಟ್ ಎಂದರೆ ದೋಷಾರೋಪಣ ಪಟ್ಟಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು 193ನೇ ಕಲಮಿನ ವರದಿ. ಆ ಪಟ್ಟಿಯನ್ನು ಪರಿಶೀಲಿಸಿ, ಎರಡೂ ಕಡೆಯ ವಾದ ಕೇಳಿ ನ್ಯಾಯಾಧೀಶರು ‘ಚಾರ್ಜ್ ಫ್ರೇಮ್’ ಮಾಡಿದರೆ ಅದು ಆರೋಪ ನಿಗದಿ. ಮೊದಲನೆಯದು ಪೊಲೀಸರ ಕೆಲಸ, ಎರಡನೆಯದು ನ್ಯಾಯಾಲಯದ್ದು. ಎರಡಕ್ಕೂ ಒಂದೇ ಪದ ಬಳಸಿದರೆ ಸುದ್ದಿಯೇ ಬದಲಾಗುತ್ತದೆ. ಆರೋಪ ನಿಗದಿಗೆ ಆಧಾರವಿಲ್ಲದಿದ್ದರೆ ಆರೋಪಿಯನ್ನು ‘ಡಿಸ್‌ಚಾರ್ಜ್’ ಮಾಡುತ್ತಾರೆ, ಅಂದರೆ ಹೊರೆ ಇಳಿಸುತ್ತಾರೆ. ಅದನ್ನು ‘ಆರೋಪಮುಕ್ತಿ’ ಎಂದು ಬರೆಯಬೇಕೇ ಹೊರತು, ವಿಚಾರಣೆ ಮುಗಿದ ಮೇಲೆ ಸಿಗುವ ‘ಖುಲಾಸೆ’ ಎಂದಲ್ಲ. ಆಸ್ಪತ್ರೆಯ ಡಿಸ್‌ಚಾರ್ಜ್‌ಗೆ ‘ಬಿಡುಗಡೆ’ ಸಾಕು; ಜಲಾಶಯದ್ದಾದರೆ ‘ಹೊರಹರಿವು’.

ಕಚೇರಿಯ ಪತ್ರಗಳಲ್ಲಿ ಹೇರುವುದು ಹೊಣೆಯನ್ನು. ಖಾಲಿ ಹುದ್ದೆಯ ಕೆಲಸವನ್ನು ತಾತ್ಕಾಲಿಕವಾಗಿ ನೋಡಿಕೊಳ್ಳುವವರು ‘ಪ್ರಭಾರ’ ಪ್ರಾಚಾರ್ಯರು. ಮೇಲ್ವಿಚಾರಣೆಯಷ್ಟೇ ಇದ್ದರೆ ಜಿಲ್ಲಾ ‘ಉಸ್ತುವಾರಿ’ ಸಚಿವರು. ಇಲ್ಲಿ ಪುಟ್ಟದೊಂದು ‘ದ’ ಅರ್ಥವನ್ನು ತಿರುವುಮುರುವು ಮಾಡಬಲ್ಲದು: ‘ಇನ್ ಚಾರ್ಜ್ ಆಫ್’ ಎಂದರೆ ಹೊಣೆ ಹೊತ್ತವರು, ‘ಇನ್ ದ ಚಾರ್ಜ್ ಆಫ್’ ಎಂದರೆ ಇನ್ನೊಬ್ಬರ ಸುಪರ್ದಿಯಲ್ಲಿರುವವರು. ಮಗುವನ್ನು ನೋಡಿಕೊಳ್ಳುವ ದಾದಿ ಮೊದಲನೆಯದು, ದಾದಿಯ ಕೈಯಲ್ಲಿರುವ ಮಗು ಎರಡನೆಯದು.

ಹಣದ ವಿಷಯ ಸುಲಭ. ಹೆಸ್ಕಾಂ ವಿದ್ಯುತ್ ಬಿಲ್ಲಿನ ‘ಫಿಕ್ಸ್ಡ್ ಚಾರ್ಜ್’ ನಿಗದಿತ ಶುಲ್ಕ. ಅದು ಮಂಜೂರಾದ ಲೋಡಿಗೆ ತಕ್ಕಂತೆ ಬರುತ್ತದೆ, ಉರಿಸಿದ ಯುನಿಟ್‌ಗಳಿಗಲ್ಲ. ಭೌತವಿಜ್ಞಾನದಲ್ಲಿ ಎಲೆಕ್ಟ್ರಾನಿನ ಚಾರ್ಜ್‌ಗೆ ‘ಋಣ ಆವೇಶ’ ಎನ್ನಬೇಕು. ಆದರೆ ಮೊಬೈಲನ್ನು ‘ಚಾರ್ಜಿಗೆ ಹಚ್ಚಿದೆ’ ಎನ್ನುವುದನ್ನು ‘ಆವೇಶಗೊಳಿಸಿದೆ’ ಎಂದು ತಿದ್ದುವುದು ಅತಿಯಾಯಿತು.

ಹೇರುವ ಸೂತ್ರ ನೇರವಾಗಿ ಒಗ್ಗದ ಬಳಕೆಯೂ ಒಂದಿದೆ: ಮೇಲೆ ನುಗ್ಗುವುದು. ಲಾಠಿ ಚಾರ್ಜ್ ಪತ್ರಿಕೆಗಳಲ್ಲಿ ‘ಲಾಠಿ ಪ್ರಹಾರ’ವಾಗಿ ನಿಂತಿದೆ. ‘ಹೋರಿ ಜನರ ಕಡೆಗೆ ಚಾರ್ಜ್ ಮಾಡಿತು’ ಎಂಬ ವಾಕ್ಯ ಬಂದರೆ ಮಾತ್ರ ‘ದಾಳಿ ಮಾಡಿತು’ ಎಂದು ಬರೆಯಲು ಅವಸರಪಡಬಾರದು. ಹಾವೇರಿ ಕಡೆ ಹೋರಿ ಬೆದರಿಸುವ ಹಬ್ಬದ ಅಖಾಡದ ಬದಿಯಲ್ಲಿ ನಿಂತವರು ಅದನ್ನು ‘ಮೈಮೇಲೆ ಏರಿ ಬಂತು’ ಎಂದೇ ಹೇಳುತ್ತಾರೆ.